ಹಳ್ಳಿಯ ಸಂಘಗಳಿಗೆ ಆಸರೆಯಾಗುವ ಸ್ಥಳೀಯ ಜಾಲ: ಕಟ್ಟುವುದರಿಂದ ಹಿಡಿದು ಹಿಂದೆ ಸರಿಯುವವರೆಗೆ

ಕುಡಿಯುವ ನೀರಿನ ಸಮಿತಿ, ಹೆಂಗಸರ ಉಳಿತಾಯದ ಗುಂಪು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಯುವಕರು, ಒಂಟಿಯಾಗಿರುವ ವೃದ್ಧರ ಮನೆಗೆ ದಿನಕ್ಕೊಮ್ಮೆ ಹೋಗಿ ಬರುವ ನಾಲ್ಕು ಜನ. ಹಳ್ಳಿಯಲ್ಲಿ ನಿಜವಾದ ಕೆಲಸ ನಡೆಯುವುದು ಬಹುಮಟ್ಟಿಗೆ ಇಂಥವರಿಂದ. ಇವರಿಗೆ ಕಚೇರಿ ಇಲ್ಲ, ಸಂಬಳದ ನೌಕರರಿಲ್ಲ, ಎಷ್ಟೋ ಸಲ ನೋಂದಣಿಯೂ ಇರುವುದಿಲ್ಲ. ಹಣ ಕೊಡುವವರು ಕೇಳುವುದೇ ಬೇರೆ: ನೋಂದಣಿ ಪತ್ರ, ಹಿಂದಿನ ವರ್ಷಗಳ ಆಡಿಟ್ ವರದಿ, ಯೋಜನೆಯ ಪ್ರಸ್ತಾವ, ಖರ್ಚಿನ ಪ್ರಮಾಣಪತ್ರ. ಇವೆರಡರ ನಡುವೆ ಸಿಕ್ಕಿ ಒಳ್ಳೊಳ್ಳೆಯ ಕೆಲಸಗಳು ಅರ್ಧಕ್ಕೇ ನಿಂತುಹೋಗುತ್ತವೆ.

ಒಂದು ಪ್ರದೇಶದ ನಾಲ್ಕಾರು ದತ್ತಿ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಜಾಲಕ್ಕೆ ಈ ಅಂತರ ತುಂಬುವ ಶಕ್ತಿ ಇದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಸಂಘಗಳನ್ನು ಪುಟ್ಟ ಪುಟ್ಟ ಎನ್‌ಜಿಒಗಳನ್ನಾಗಿ ಮಾಡುವುದು ಜಾಲದ ಕೆಲಸವಲ್ಲ. ಕಾಗದಪತ್ರ, ಆಡಿಟ್, ವಿಮೆ, ಕಾನೂನು, ಕಚೇರಿಯಿಂದ ಕಚೇರಿಗೆ ಓಡಾಟ, ಇವುಗಳ ಭಾರವನ್ನು ಜಾಲವೇ ಹೊತ್ತುಕೊಳ್ಳಬೇಕು. ಸಂಘ ತಾನು ಮಾಡುತ್ತಿದ್ದ ಕೆಲಸವನ್ನು ತನ್ನ ರೀತಿಯಲ್ಲೇ ಮಾಡಿಕೊಂಡು ಹೋಗಬೇಕು. ಕೆಳಗಿನ ಪ್ರತಿ ಹೆಜ್ಜೆಯನ್ನೂ ಈ ಒಂದು ಅಳತೆಗೋಲಿನಿಂದಲೇ ನೋಡಿದ್ದೇನೆ.

ಇದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ 1920ರಲ್ಲೇ ಇಂಥದೊಂದು ಗ್ರಾಮೀಣ ಸಮುದಾಯ ಮಂಡಳಿ ಹುಟ್ಟಿಕೊಂಡಿತ್ತು. ಇವತ್ತು ಇಂಗ್ಲೆಂಡಿನಾದ್ಯಂತ ಆ ಬಗೆಯ 38 ಸ್ಥಳೀಯ ದತ್ತಿ ಸಂಸ್ಥೆಗಳು ಒಂದೇ ರಾಷ್ಟ್ರೀಯ ಜಾಲದಲ್ಲಿವೆ. ಊರಿನ ಸಮುದಾಯ ಭವನ ನೋಡಿಕೊಳ್ಳುವ ಸ್ವಯಂಸೇವಕರ ಸಮಿತಿಗಳಿಗೆ ವಿಮೆ, ಬಾಡಿಗೆ ಕರಾರು, ಕಟ್ಟಡದ ಸುರಕ್ಷತೆಯಂಥ ವಿಷಯಗಳಲ್ಲಿ ಸಲಹೆ ಕೊಡುವುದು ಅವುಗಳ ಮುಖ್ಯ ಕೆಲಸಗಳಲ್ಲೊಂದು. ಭವನ ನಡೆಸುವವರು ಊರಿನವರೇ.

ಹೆಜ್ಜೆ 1: ಈಗಾಗಲೇ ಯಾರಿದ್ದಾರೆ, ನೋಡಿ

ಹೊಸ ಯೋಜನೆ ಬಂದೊಡನೆ ಹೊಸ ಗುಂಪು ಕಟ್ಟುವ ಚಾಳಿ ದತ್ತಿ ಕ್ಷೇತ್ರದಲ್ಲಿ ಬಹಳ ಹಳೆಯದು. ಯೋಜನೆಗಾಗಿ ಹುಟ್ಟಿದ ಗುಂಪು ಯೋಜನೆಯ ಜೊತೆಗೇ ಮುಗಿಯುತ್ತದೆ. ಹಾಗಾಗಿ ಮೊದಲ ಕೆಲಸ ಹುಡುಕಾಟ. ನೋಂದಣಿ ಪಟ್ಟಿ ನೋಡಿದರೆ ಸಾಲದು, ಅದರಲ್ಲಿ ಸತ್ತ ಸಂಘಗಳ ಹೆಸರೇ ಹೆಚ್ಚಿರುತ್ತದೆ. ಶಾಲೆಯ ಶಿಕ್ಷಕರು, ಆರೋಗ್ಯ ಕಾರ್ಯಕರ್ತೆ, ಅಂಚೆಯವರು ಹೀಗೆ ಮನೆಮನೆಗೆ ಓಡಾಡುವವರನ್ನು ಕೇಳಿ. ಪ್ರಶ್ನೆ ಹೀಗಿರಲಿ: "ಊರಲ್ಲಿ ಯಾರಿಗಾದರೂ ಕಷ್ಟ ಬಂದಾಗ ಮೊದಲು ಓಡಿ ಬರುವವರು ಯಾರು? ರಿಪೇರಿ ಕೆಲಸಕ್ಕೆ ದುಡ್ಡು ಕೂಡಿಸುವವರು ಯಾರು? ಕೂಡಿಸಿದ ದುಡ್ಡಿನ ಲೆಕ್ಕ ಯಾರ ಬಳಿ ಇರುತ್ತೆ?" ಮೂರನೆಯ ಪ್ರಶ್ನೆಗೆ ಬೇರೆ ಬೇರೆ ಬಾಯಿಂದ ಒಂದೇ ಹೆಸರು ಬಂದರೆ ಆ ಹೆಸರನ್ನು ಬರೆದಿಟ್ಟುಕೊಳ್ಳಿ.

ನೆಲದ ಮೇಲೆ ಊರಿನ ನಕ್ಷೆ ಬಿಡಿಸುವ ಸಹಭಾಗಿ ವಿಧಾನ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. 1980ರ ದಶಕದ ಕೊನೆಯಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಹರಡಿದ ವಿಧಾನ ಇದು. ಬ್ರಿಟನ್ನಿನ ಗ್ರಾಮಾಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅವರ ಹೆಸರಿನೊಂದಿಗೆ ಹೆಚ್ಚು ಪರಿಚಿತ. ಕಡ್ಡಿ, ಕಲ್ಲು, ಬೀಜ, ಸುಣ್ಣದ ಪುಡಿ ಇದ್ದರೆ ಸಾಕು. ಊರವರೇ ಮನೆ, ನೀರು, ದಾರಿ ಗುರುತಿಸುತ್ತಾರೆ. ಜೊತೆಗೆ ವರ್ಷದ ಹನ್ನೆರಡು ತಿಂಗಳನ್ನು ಸಾಲಾಗಿಟ್ಟು ಯಾವ ತಿಂಗಳು ಕೆಲಸ ಹೆಚ್ಚು, ಯಾವಾಗ ಕೈಯಲ್ಲಿ ಹಣವಿಲ್ಲ, ಯಾವಾಗ ಕಾಯಿಲೆ ಹೆಚ್ಚು ಎಂದು ಕಲ್ಲು ಜೋಡಿಸಿ ತೋರಿಸಲು ಹೇಳಿ. ಈ ಋತುಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಅನುದಾನ ಯಾವಾಗ ಬಿಡುಗಡೆ ಮಾಡಬೇಕೆಂದು ತೀರ್ಮಾನಿಸುವಾಗ ಮತ್ತೆ ಬೇಕಾಗುತ್ತದೆ.

ಒಂದು ಎಚ್ಚರ: ನಕ್ಷೆ ಬಿಡಿಸುವಾಗ ಕಡ್ಡಿ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಅದು ಒಬ್ಬರ ಕೈಯಲ್ಲೇ ಉಳಿದರೆ ಆ ನಕ್ಷೆ ಅವರೊಬ್ಬರ ಊರಿನದು. ಹೆಂಗಸರಿಂದ, ಊರಂಚಿನ ಮನೆಯವರಿಂದ ಬೇರೆಯಾಗಿ ಇನ್ನೊಂದು ನಕ್ಷೆ ಬಿಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಾಣುವ ವ್ಯತ್ಯಾಸದಲ್ಲಿ ನಿಮ್ಮ ಮುಂದಿನ ಕೆಲಸದ ಅರ್ಧ ಅಡಗಿರುತ್ತದೆ.

ಹೆಜ್ಜೆ 2: ಜಾಲಕ್ಕೆ ಯಾರು ಬೇಕು, ಏನು ಬರೆದುಕೊಳ್ಳಬೇಕು

ಆರಂಭಕ್ಕೆ ನಾಲ್ಕೈದು ಸಂಸ್ಥೆಗಳು ಸಾಕು. ಒಂದೇ ತರಹದವು ಬೇಡ. ಲೆಕ್ಕಪತ್ರದಲ್ಲಿ ಪಳಗಿದ್ದು ಒಂದು, ಹಳ್ಳಿಗಳಲ್ಲಿ ಓಡಾಡುವ ಕಾರ್ಯಕರ್ತರಿರುವುದು ಒಂದು, ಆರೋಗ್ಯ ಅಥವಾ ಕೃಷಿಯಲ್ಲಿ ತಿಳಿವಳಿಕೆ ಇರುವುದು ಒಂದು, ದಾನಿಗಳ ಸಂಪರ್ಕವಿರುವುದು ಒಂದು. ಇವುಗಳಲ್ಲಿ ಒಂದನ್ನು ಆತಿಥೇಯ ಸಂಸ್ಥೆ ಎಂದು ಒಪ್ಪಿಕೊಳ್ಳಿ: ಜಾಲದ ಬ್ಯಾಂಕ್ ಖಾತೆ, ಸಂಬಳ, ವಾರ್ಷಿಕ ಆಡಿಟ್ ಎಲ್ಲ ಅದರ ಹೆಸರಿನಲ್ಲಿ ನಡೆಯಲಿ. ಜಾಲಕ್ಕೇ ಬೇರೆ ನೋಂದಣಿ ಮಾಡಿಸುವ ಅವಸರ ಬೇಡ. ಎರಡು ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದ ಮೇಲೆ ಬೇಕೆನಿಸಿದರೆ ಮಾಡಿಸಿ.

ಇಂಥ ಜಾಲಗಳು ಮುರಿದುಬೀಳುವುದು ಸಿದ್ಧಾಂತದ ಜಗಳದಿಂದಲ್ಲ. ದಾನಿ ಯಾರವರು, ವರದಿಯಲ್ಲಿ ಯಾರ ಹೆಸರು ಮೊದಲು, ಕಾರ್ಯಕರ್ತೆಯ ಸಂಬಳ ಯಾರ ಲೆಕ್ಕದಲ್ಲಿ, ಇಂಥ ಮಾತುಗಳಿಂದ. ಆದ್ದರಿಂದ ಎರಡು ಪುಟದ ಒಡಂಬಡಿಕೆ ಮೊದಲೇ ಆಗಲಿ. ಜಾಲದ ಹೆಸರಿನಲ್ಲಿ ಹಣ ಕೇಳುವವರು ಯಾರು, ಬಂದ ಹಣದಲ್ಲಿ ಆಡಳಿತ ವೆಚ್ಚಕ್ಕೆ ಎಷ್ಟು ಪಾಲು, ಸದಸ್ಯ ಸಂಸ್ಥೆಯೊಂದು ಹೊರಹೋದರೆ ಅದು ನೋಡಿಕೊಳ್ಳುತ್ತಿದ್ದ ಸಂಘಗಳ ಗತಿ ಏನು, ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದು, ಇಷ್ಟೂ ಅದರಲ್ಲಿ ಇರಬೇಕು.

ಜಾಲದ ಆಡಳಿತ ಸಮಿತಿಯಲ್ಲಿ ಹಳ್ಳಿಯ ಸಂಘಗಳ ಪ್ರತಿನಿಧಿಗಳು ಇರಲೇಬೇಕು, ಅದೂ ಕನಿಷ್ಠ ಮೂರನೇ ಒಂದು ಪಾಲು. ಒಬ್ಬರನ್ನೇ ಕೂರಿಸಿದರೆ ಅವರು ಬಾಯಿ ಬಿಡುವುದಿಲ್ಲ. ಅವರಿಗೆ ಪ್ರಯಾಣದ ಖರ್ಚು, ಕಳೆದುಕೊಂಡ ದಿನಗೂಲಿ ಎರಡನ್ನೂ ಕೊಡಿ. ಸಭೆಯ ಕಾಗದಗಳು ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ, ಓದಲು ಬಾರದವರಿಗೆ ಮುಂಚಿನ ದಿನ ಯಾರಾದರೂ ಫೋನಿನಲ್ಲಿ ಓದಿ ಹೇಳಲಿ.

ಹೆಜ್ಜೆ 3: ಸಂಘವನ್ನು ಅರಿತುಕೊಳ್ಳಿ

ಫಾರಂ ತುಂಬಿಸಿಕೊಳ್ಳುವ ಮೊದಲು ಸಂಘದ ಮಾಮೂಲಿ ಸಭೆಯಲ್ಲಿ ಹಿಂದೆ ಕುಳಿತು ನೋಡಿ. ನಿಮಗಾಗಿ ಕರೆದ ವಿಶೇಷ ಸಭೆ ಬೇಡ. ಮಾಮೂಲಿ ಸಭೆಯಲ್ಲಿ ಕಾಣುವುದು ಬೇರೆಯೇ. ಎಷ್ಟು ಜನ ಬಂದರು, ಎಷ್ಟು ಜನ ಮಾತಾಡಿದರು, ಅಧ್ಯಕ್ಷರ ಮಾತಿಗೆ ಯಾರಾದರೂ ಒಲ್ಲೆ ಎಂದರೇ, ಹಾಗೆಂದವರ ಮಾತನ್ನು ಮುಂದಕ್ಕೆ ಕೇಳಿಸಿಕೊಂಡರೇ. ಕಳೆದ ಸಭೆಯ ನಡಾವಳಿ ಓದಿದರೇ. ಪದಾಧಿಕಾರಿಗಳು ಎಂದಾದರೂ ಬದಲಾಗಿದ್ದಾರೆಯೇ. ಸಹಿ ಹಾಕಿ ಎದ್ದುಹೋಗುವವರು ಎಷ್ಟು.

ಊರಿನ ಬಲಾಢ್ಯ ಮನೆತನವೊಂದು ಸಂಘವನ್ನು ಕೈಯಲ್ಲಿಟ್ಟುಕೊಂಡಿರುವುದು ಎಲ್ಲೆಡೆ ಕಾಣುವ ಕಷ್ಟ. ಅಂಥ ಸಂಘವನ್ನು ಕಂಡ ಕೂಡಲೇ ತಳ್ಳಿಹಾಕಬೇಡಿ, ಕೆಲವೊಮ್ಮೆ ಅವರ ಪ್ರಭಾವದಿಂದಲೇ ನೀರು ಬಂದಿರುತ್ತದೆ. ಆದರೆ ನೆರವಿನ ಲಾಭ ಯಾವ ಬೀದಿಗೆ ಹೋಗಿದೆ, ಯಾವ ಬೀದಿಗೆ ಹೋಗಿಲ್ಲ ಎಂದು ನಡೆದು ನೋಡಿ. ಇದಕ್ಕೆ ಇನ್ನೊಂದು ಉಪಾಯವಿಲ್ಲ.

ಗುಂಪಿನ ಗಾತ್ರವೂ ಮುಖ್ಯ. ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಕಂಡುಕೊಂಡ ಸಂಗತಿ ಇಲ್ಲಿ ನೆನಪಿಡಬೇಕಾದ್ದು. ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಪರಸ್ಪರ ನಂಬಿಕೆ ಇದ್ದ ಸದಸ್ಯರು ತಾವಾಗಿಯೇ ಸಣ್ಣ ಸಣ್ಣ ಗುಂಪುಗಳಾಗಿ ಮುಂದೆ ಬಂದರು. ಸಂಸ್ಥೆ ಅವರನ್ನು ಮತ್ತೆ ದೊಡ್ಡ ಸಂಘಕ್ಕೆ ದೂಡಲಿಲ್ಲ, ಆ ಗುಂಪುಗಳ ಜೊತೆಗೇ ಕೆಲಸ ಮುಂದುವರಿಸಿತು. ಸ್ವಸಹಾಯ ಗುಂಪುಗಳ ಕಥೆಯ ಒಂದು ಮುಖ್ಯ ಬೇರು ಅಲ್ಲಿದೆ. ಜನ ತಾವೇ ಆರಿಸಿಕೊಂಡ ಗುಂಪನ್ನು ಗೌರವಿಸಿ. ನಿಮ್ಮ ಅನುಕೂಲಕ್ಕೆಂದು ಎರಡು ಸಂಘಗಳನ್ನು ಒಂದು ಮಾಡಬೇಡಿ.

ಹೆಜ್ಜೆ 4: ಮೊದಲ ನೆರವು ಲೆಕ್ಕದ ಪುಸ್ತಕ

ಹಣ ಕೊಡುವ ಮೊದಲು ಹಣ ನೋಡಿಕೊಳ್ಳುವ ಪದ್ಧತಿ ಕಟ್ಟಿಕೊಡಿ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಸಂಘಗಳು ಹಾಳಾಗಿರುವುದು ಹೆಚ್ಚಾಗಿ ಇಲ್ಲಿಯೇ. ಯಾರೂ ಕದ್ದಿರುವುದಿಲ್ಲ. ಆದರೂ ಖಜಾಂಚಿಯ ಮೇಲೆ ಸಂಶಯ ಹುಟ್ಟಿರುತ್ತದೆ, ಉತ್ತರ ಕೊಡಲು ಅವರ ಹತ್ತಿರ ಕಾಗದವಿರುವುದಿಲ್ಲ.

ಸಾಮಾನ್ಯವಾಗಿ ಕಾಣುವ ದೃಶ್ಯ ಇದು. ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಚಿದ ರಸೀದಿಗಳು, ಕೆಲವಕ್ಕೆ ತಾರೀಖಿಲ್ಲ, ಕೆಲವು ಬೆವರಿಗೆ ಅಳಿಸಿಹೋಗಿವೆ. ಖಜಾಂಚಿ ಸ್ವಂತ ಹಣದಿಂದ ಪೈಪು ತಂದಿದ್ದಾರೆ, ಆಮೇಲೆ ಸಂಘದ ಹಣದಿಂದ ಅದನ್ನು ವಾಪಸು ತೆಗೆದುಕೊಂಡಿದ್ದಾರೆ, ಎರಡನ್ನೂ ಎಲ್ಲಿಯೂ ಬರೆದಿಲ್ಲ. ಇಂಥವರಿಗೆ ಕಂಪ್ಯೂಟರ್ ಸಾಫ್ಟ್‌ವೇರ್ ಕೊಡುವುದು ಬೇಡ. ಬೈಂಡು ಹಾಕಿದ, ಪುಟಸಂಖ್ಯೆ ಅಚ್ಚಾದ ನಗದು ಪುಸ್ತಕವೊಂದನ್ನು ಕೊಡಿ. ಎಡಗಡೆ ಜಮಾ, ಬಲಗಡೆ ಖರ್ಚು. ಪ್ರತಿ ಸಾಲಿಗೆ ತಾರೀಖು, ಯಾರಿಂದ ಅಥವಾ ಯಾರಿಗೆ, ಯಾತಕ್ಕೆ, ಎಷ್ಟು, ಓಚರ್ ಸಂಖ್ಯೆ. ತಿಂಗಳ ಕೊನೆಗೆ ಗೆರೆ ಎಳೆದು ಕೂಡಿಸಿ, ಕೈಯಲ್ಲಿರುವ ನಗದನ್ನು ಎಣಿಸಿ, ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡಿ, ಖಜಾಂಚಿಯಲ್ಲದ ಇನ್ನಿಬ್ಬರು ಸಹಿ ಹಾಕಬೇಕು. ತಪ್ಪು ಬರೆದರೆ ಗೀಟು ಹಾಕಿ ಪಕ್ಕದಲ್ಲಿ ಸರಿಪಡಿಸಿ ಸಹಿ ಮಾಡಲಿ, ಬಿಳಿ ಬಣ್ಣ ಹಚ್ಚಿ ಅಳಿಸುವುದು ಬೇಡ. ರಸೀದಿ ಸಿಗದ ಸಣ್ಣ ಖರ್ಚಿಗೆ ಸ್ವಂತ ಓಚರ್ ಬರೆದು ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ರಸೀದಿಗಳನ್ನು ಸಂಖ್ಯೆ ಪ್ರಕಾರ ಕಾಗದಕ್ಕೆ ಅಂಟಿಸಿ ಫೈಲಿಗೆ ಹಾಕಿ. ಬಣ್ಣ ಮಾಸುವ ಯಂತ್ರದ ರಸೀದಿಗಳ ಫೋಟೊಪ್ರತಿ ತೆಗೆದು ಜೊತೆಗಿಡಿ.

ಇಷ್ಟು ಕಲಿಸಲು ಒಂದು ದಿನದ ತರಬೇತಿ ಶಿಬಿರ ಸಾಲದು. ತಿಂಗಳಿಗೊಮ್ಮೆ ಲೆಕ್ಕ ಬಲ್ಲವರು ಹೋಗಿ, ಖಜಾಂಚಿಯ ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ ಬರೆಸಬೇಕು. ನೀವೇ ಬರೆದುಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಆ ಪುಸ್ತಕ ಆಮೇಲೆ ನಿಮ್ಮದಾಗುತ್ತದೆ.

ಓದು ಬರಹ ಬಾರದವರ ಗುಂಪುಗಳಲ್ಲೂ ಪಾರದರ್ಶಕತೆ ಸಾಧ್ಯ. 1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ಬೆಂಬಲದಿಂದ ಶುರುವಾಗಿ ಇಂದು ಅನೇಕ ದೇಶಗಳಿಗೆ ಹಬ್ಬಿರುವ ಗ್ರಾಮೀಣ ಉಳಿತಾಯ ಗುಂಪುಗಳನ್ನು ನೋಡಿ. ಅವರ ಹಣದ ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿಗಳು ಮೂವರ ಬಳಿ, ಪೆಟ್ಟಿಗೆ ಇರುವುದು ನಾಲ್ಕನೆಯವರ ಮನೆಯಲ್ಲಿ. ಎಲ್ಲರೂ ಸೇರಿದಾಗಲೇ ಪೆಟ್ಟಿಗೆ ತೆರೆಯುತ್ತದೆ. ಹಣ ಎಲ್ಲರ ಎದುರಿಗೆ ಗಟ್ಟಿಯಾಗಿ ಎಣಿಸಲ್ಪಡುತ್ತದೆ, ಕೊನೆಯ ಮೊತ್ತವನ್ನು ಸದಸ್ಯರು ನೆನಪಿಟ್ಟುಕೊಂಡು ಮುಂದಿನ ಸಭೆಯ ಆರಂಭದಲ್ಲಿ ಹೇಳುತ್ತಾರೆ. ವರ್ಷಕ್ಕೊಮ್ಮೆ ಪೂರ್ತಿ ಹಣ ಹಂಚಿಕೊಂಡು ಲೆಕ್ಕ ಸೊನ್ನೆಗೆ ತಂದು ಮತ್ತೆ ಶುರು ಮಾಡುತ್ತಾರೆ. ಯಾವ ಆಡಿಟರ್ ಇಲ್ಲದೆಯೂ ಎಲ್ಲರಿಗೂ ಲೆಕ್ಕ ಗೊತ್ತಿರುತ್ತದೆ. ನಿಮ್ಮ ಪ್ರದೇಶದ ಗುಂಪುಗಳಿಗೆ ಇದೇ ಪದ್ಧತಿ ಹೊಂದಬೇಕೆಂದಿಲ್ಲ, ಎಣಿಕೆ ಎಲ್ಲರ ಕಣ್ಣೆದುರಿಗೆ ಆಗಬೇಕೆಂಬ ತತ್ವ ಮಾತ್ರ ಬಿಡಬೇಡಿ.

ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿ ಇರಲಿ, ಮೂವರಲ್ಲಿ ಇಬ್ಬರ ಸಹಿ ಬೇಕೆಂಬ ನಿಯಮವಿರಲಿ, ಸಹಿ ಮಾಡುವವರು ಒಂದೇ ಮನೆಯವರಾಗುವುದು ಬೇಡ. ಇದು ಎಲ್ಲರಿಗೂ ಗೊತ್ತಿರುವ ಮಾತು, ಹೆಚ್ಚು ಹೇಳಬೇಕಾಗಿಲ್ಲ.

ಹೆಜ್ಜೆ 5: ನೋಂದಣಿಯಿಲ್ಲದ ಗುಂಪಿಗೆ ಆತಿಥ್ಯ

ಎಲ್ಲ ಗುಂಪಿಗೂ ನೋಂದಣಿ ಬೇಕೇ? ಬೇಡ. ನೋಂದಣಿಯ ಜೊತೆಗೆ ವರ್ಷ ವರ್ಷದ ನವೀಕರಣ, ರಿಟರ್ನ್ಸ್, ದಂಡ ಎಲ್ಲ ಬೆನ್ನಿಗೆ ಬೀಳುತ್ತವೆ. ಭಾರತದಲ್ಲಿ 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದಾಗ ಗುಂಪಿಗೆ ನೋಂದಣಿ ಇರಲೇಬೇಕೆಂದು ಹಟ ಹಿಡಿಯಲಿಲ್ಲ. ಆ ಒಂದು ಸಡಿಲಿಕೆಯಿಂದ ಎಷ್ಟೊಂದು ಗುಂಪುಗಳಿಗೆ ಬಾಗಿಲು ತೆರೆಯಿತು!

ನಿಮ್ಮ ಜಾಲ ಮಾಡಬಹುದಾದ್ದು: ದಾನಿಯ ಹಣವನ್ನು ಆತಿಥೇಯ ಸಂಸ್ಥೆ ತನ್ನ ಹೆಸರಿನಲ್ಲಿ ಪಡೆದು, ಆ ಗುಂಪಿನ ಹೆಸರಿನಲ್ಲಿ ಪ್ರತ್ಯೇಕ ಲೆಡ್ಜರ್ ತೆರೆದು, ಗುಂಪಿನ ಠರಾವಿನ ಪ್ರಕಾರ ಖರ್ಚಿಗೆ ಬಿಡುಗಡೆ ಮಾಡುವುದು. ಇದಕ್ಕೆ ನಿಮ್ಮ ದೇಶದ ಕಾನೂನಿನಲ್ಲಿ ಅವಕಾಶವಿದೆಯೇ, ದಾನಿಯ ಹಣವನ್ನು ಮತ್ತೊಬ್ಬರಿಗೆ ವರ್ಗಾಯಿಸಲು ನಿರ್ಬಂಧವಿದೆಯೇ ಎಂದು ಲೆಕ್ಕಪರಿಶೋಧಕರಲ್ಲಿ ಮೊದಲು ಕೇಳಿ. ಹೊರದೇಶದ ದೇಣಿಗೆಯ ವಿಷಯದಲ್ಲಂತೂ ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಭಾರತದಲ್ಲಿ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಕಾನೂನು ಒಪ್ಪಿದರೆ ಕರಾರು ಬರೆದುಕೊಳ್ಳಿ. ಹಣ ಬಂದ ಎಷ್ಟು ದಿನದೊಳಗೆ ಗುಂಪಿಗೆ ತಲುಪುತ್ತದೆ, ಸೇವಾಶುಲ್ಕ ಎಷ್ಟು, ಯಾವ ಖರ್ಚಿಗೆ ಹಣ ತಡೆಯುವ ಅಧಿಕಾರ ಆತಿಥೇಯ ಸಂಸ್ಥೆಗಿದೆ, ಯಾವುದಕ್ಕಿಲ್ಲ. ಒಂದು ನಿಯಮ ಮಾತ್ರ ಕಲ್ಲಿನ ಮೇಲೆ ಕೆತ್ತಿದ ಹಾಗಿರಲಿ: ಆತಿಥೇಯ ಸಂಸ್ಥೆಗೆ ಸಂಬಳ ಕೊಡಲು ಹಣವಿಲ್ಲವೆಂದು ಗುಂಪಿನ ಹಣದಿಂದ ಒಂದು ವಾರದ ಮಟ್ಟಿಗೂ ಸಾಲ ತೆಗೆಯಕೂಡದು.

ಹೆಜ್ಜೆ 6: ಸಣ್ಣ ಅನುದಾನ

ಅರ್ಜಿ ಒಂದು ಪುಟ ಮೀರದಿರಲಿ. ಏನು ಮಾಡಬೇಕೆಂದಿದ್ದೀರಿ, ಯಾರಿಗೆ ಉಪಯೋಗ, ಎಷ್ಟು ಹಣ, ನಿಮ್ಮ ಪಾಲೇನು, ಆಮೇಲೆ ಇದನ್ನು ನೋಡಿಕೊಳ್ಳುವವರು ಯಾರು. ಐದು ಪ್ರಶ್ನೆ. ಬರೆಯಲಾಗದವರು ಬಾಯಿಮಾತಿನಲ್ಲಿ ಹೇಳಲಿ, ಕಾರ್ಯಕರ್ತೆ ಬರೆದುಕೊಂಡು ಓದಿ ಹೇಳಿ ಸಹಿ ಪಡೆಯಲಿ, ಅಥವಾ ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸಲಿ. ಚೆಂದದ ಭಾಷೆ ಬರೆಯಬಲ್ಲವರಿಗೇ ಹಣ ಹೋಗುವುದು ಅನುದಾನ ಪದ್ಧತಿಯ ಅತಿ ಹಳೆಯ ಅನ್ಯಾಯ. ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.

ಸ್ಥಳೀಯ ಪಾಲು ಕೇಳಿ, ಆದರೆ ನಗದನ್ನೇ ಕೇಳಬೇಡಿ. ಶ್ರಮ, ಜಾಗ, ಸಾಮಾನು, ಗಾಡಿ ಎಲ್ಲವೂ ಪಾಲೇ. ತೀರ ಬಡವರ ಗುಂಪಿಗೆ ಈ ಷರತ್ತನ್ನೇ ಕೈಬಿಡುವ ಸ್ವಾತಂತ್ರ್ಯ ಸಮಿತಿಗಿರಲಿ.

ಆಯ್ಕೆ ಸಮಿತಿಯಲ್ಲಿ ಬೇರೆ ಹಳ್ಳಿಗಳ ಸಂಘದವರು ಅರ್ಧಕ್ಕಿಂತ ಹೆಚ್ಚಿರಲಿ. ತಮ್ಮ ಊರಿನ ಅರ್ಜಿ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು, ಹೋದರೆಂದು ನಡಾವಳಿಯಲ್ಲಿ ದಾಖಲಾಗಬೇಕು. ಪೈಪಿನ ಬೆಲೆ ಹೆಚ್ಚು ಬರೆದಿದ್ದಾರೆ, ಆ ಜಾಗದಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಇಂಥ ಮಾತುಗಳನ್ನು ಪಟ್ಟಣದ ತಜ್ಞರಿಗಿಂತ ಅವರೇ ಚೆನ್ನಾಗಿ ಹೇಳುತ್ತಾರೆ.

ಹಣ ಬಿಡುಗಡೆಗೆ ಮೊದಲ ಹೆಜ್ಜೆಯ ಋತುಪಟ್ಟಿ ತೆಗೆಯಿರಿ. ಬಿತ್ತನೆ, ಕೊಯ್ಲಿನ ತಿಂಗಳಲ್ಲಿ ಹಣ ಕೊಟ್ಟು ಕೆಲಸ ಆಗಲಿಲ್ಲವೆಂದು ದೂರುವುದು ತಪ್ಪು. ಹಾಗೆಯೇ, ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಟ್ಟು ಹಣ ಪಡೆಯಿರಿ ಎಂಬ ಪದ್ಧತಿ ಹಳ್ಳಿಯ ಸಂಘಕ್ಕೆ ಒಗ್ಗುವುದಿಲ್ಲ. ಕೈಯಿಂದ ಹಾಕಲು ಅವರ ಬಳಿ ಹಣ ಎಲ್ಲಿದೆ? ಯಾರೋ ಬಡ್ಡಿಗೆ ತಂದು ಹಾಕುತ್ತಾರೆ, ಬಡ್ಡಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಎರಡು ಕಂತಿನಲ್ಲಿ ಮುಂಗಡವಾಗಿ ಕೊಡಿ.

ಇನ್ನು ದುರಸ್ತಿ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಲ್ಲಿ ಹಾಕಿದ ಕೈಪಂಪುಗಳಲ್ಲಿ ಸುಮಾರು ಮೂರರಲ್ಲೊಂದು ಕೆಟ್ಟು ನಿಂತಿರುತ್ತದೆ ಎಂದು 2009ರಲ್ಲಿ ಅಂದಾಜಿಸಲಾಗಿತ್ತು. ಪಂಪು ಹಾಕಲು ದಾನಿಗಳಿದ್ದರು, ವಾಷರ್ ಬದಲಿಸಲು ಇರಲಿಲ್ಲ. ನಿಮ್ಮ ನಿಧಿಯಲ್ಲಿ ದುರಸ್ತಿಗೆಂದೇ ಒಂದು ಪಾಲು ತೆಗೆದಿಡಿ, ಅದಕ್ಕೆ ಅರ್ಜಿ ಇನ್ನೂ ಚಿಕ್ಕದಿರಲಿ, ವಾರದೊಳಗೆ ಹಣ ಸಿಗಲಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಬಲ್ಲವರು ಹತ್ತಿರದಲ್ಲಿ ಯಾರು ಎಂಬ ಪಟ್ಟಿಯನ್ನು ಜಾಲವೇ ಇಟ್ಟುಕೊಂಡಿರಲಿ.

ಇಲ್ಲ ಎನ್ನಬೇಕಾದಾಗ ಕಾರ್ಯಕರ್ತರು ಊರಿಗೇ ಹೋಗಿ ಕಾರಣ ಹೇಳಬೇಕು. ಕಾಗದದಲ್ಲಿ ಬರುವ "ವಿಷಾದಿಸುತ್ತೇವೆ" ಎಂಬ ಸಾಲಿನಿಂದ ಸಂಘದ ಉತ್ಸಾಹ ಬಾಡಿಹೋಗುತ್ತದೆ, ಮತ್ತೆ ಅವರು ಕೇಳುವುದಿಲ್ಲ.

ಹೆಜ್ಜೆ 7: ಓಡಾಡುವ ಮನುಷ್ಯರು

ಇಡೀ ಜಾಲದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಹಳ್ಳಿಯಿಂದ ಹಳ್ಳಿಗೆ ಹೋಗುವ ಕ್ಷೇತ್ರ ಕಾರ್ಯಕರ್ತರು. ಬಜೆಟ್ ಕಡಿತವಾದಾಗ ಮೊದಲು ಕತ್ತರಿ ಬೀಳುವುದೂ ಅವರ ಪ್ರಯಾಣ ಭತ್ಯೆಗೇ. ಇದನ್ನು ತಿರುಗುಮುರುಗು ಮಾಡಿ: ಸಮಾವೇಶ, ಬ್ಯಾನರು, ಬಣ್ಣದ ವರದಿ ಮೊದಲು ನಿಲ್ಲಲಿ, ಓಡಾಟ ಕೊನೆಗೆ ನಿಲ್ಲಲಿ.

ಒಬ್ಬರಿಗೆ ಎಷ್ಟು ಸಂಘ ಎಂಬುದಕ್ಕೆ ಒಂದೇ ಲೆಕ್ಕವಿಲ್ಲ, ದೂರ ನೋಡಿ ನಿರ್ಧರಿಸಿ. ತಿಂಗಳಿಗೊಮ್ಮೆಯಾದರೂ ಪ್ರತಿ ಸಂಘದಲ್ಲಿ ಅರ್ಧ ದಿನ ಕೂರುವಂತಿರಬೇಕು. ಅದೇ ಮನುಷ್ಯರು ವರ್ಷಾನುಗಟ್ಟಲೆ ಹೋಗಬೇಕು. ನಂಬಿಕೆಯನ್ನು ಫೈಲಿನ ಜೊತೆ ಹಸ್ತಾಂತರಿಸಲು ಬರುವುದಿಲ್ಲ. ಹೆಂಗಸರು ಕಾರ್ಯಕರ್ತೆಯರಾಗಿದ್ದರೆ ರಾತ್ರಿ ಸಭೆಗಳ ನಂತರ ಅವರು ಎಲ್ಲಿ ಉಳಿಯುತ್ತಾರೆ, ಹೇಗೆ ಹಿಂತಿರುಗುತ್ತಾರೆ ಎಂಬುದು ಜಾಲದ ಹೊಣೆ. ಅಪಘಾತ ವಿಮೆ ಮಾಡಿಸಿ. ಸ್ವಯಂಸೇವಕರಿಗೂ.

ಹೆಜ್ಜೆ 8: ಸಂಘದಿಂದ ಸಂಘಕ್ಕೆ

ತರಬೇತಿಗೆ ಪಟ್ಟಣದಿಂದ ಭಾಷಣಕಾರರನ್ನು ಕರೆಸುವ ಖರ್ಚಿನಲ್ಲಿ ಒಂದು ಸಂಘದ ಆರೇಳು ಜನರನ್ನು ಇನ್ನೊಂದು ಹಳ್ಳಿಗೆ ಕರೆದೊಯ್ಯಿರಿ. ನೀರಿನ ಶುಲ್ಕ ಹೇಗೆ ವಸೂಲಿ ಮಾಡುತ್ತೀರಿ, ಕೊಡದವರನ್ನು ಏನು ಮಾಡುತ್ತೀರಿ ಎಂದು ಖಜಾಂಚಿ ಖಜಾಂಚಿಯನ್ನು ಕೇಳಿದಾಗ ಸಿಗುವ ಉತ್ತರ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಅಧ್ಯಕ್ಷರನ್ನಷ್ಟೇ ಕರೆದೊಯ್ಯುವ ಅಭ್ಯಾಸ ಬೇಡ. ಗೆದ್ದ ಊರಿಗಷ್ಟೇ ಅಲ್ಲ, ಒಮ್ಮೆ ಬಿದ್ದು ಎದ್ದ ಸಂಘಕ್ಕೂ ಹೋಗಿ.

ಹೆಜ್ಜೆ 9: ಕೆಟ್ಟ ದಿನಗಳು

ಹಣ ಕಾಣೆಯಾಗುತ್ತದೆ. ಸಂಘ ಒಡೆಯುತ್ತದೆ. ಚುನಾವಣೆಯ ಹೊತ್ತಿಗೆ ಸಂಘದ ಬ್ಯಾನರ್ ಯಾವುದೋ ಪಕ್ಷದ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಮುಂಚೆಯೇ ತಯಾರಿರಬೇಕು.

ಊರಿನ ನೀರು, ಕಾಡು, ಗೋಮಾಳದಂಥ ಸಾಮೂಹಿಕ ಆಸ್ತಿಗಳನ್ನು ಜನ ತಾವೇ ಹೇಗೆ ದೀರ್ಘಕಾಲ ಕಾಪಾಡಿಕೊಂಡಿದ್ದಾರೆ ಎಂದು ಜೀವಮಾನವಿಡೀ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು, ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಹಲವು ಗುಣಗಳನ್ನು ಗುರುತಿಸಿದ್ದರು. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಶಿಕ್ಷೆ ಹಂತಹಂತವಾಗಿ ಏರುತ್ತದೆ, ಮೊದಲ ತಪ್ಪಿಗೆ ಸಣ್ಣ ದಂಡ. ಮತ್ತು ಜಗಳ ಬಗೆಹರಿಸುವ ಜಾಗ ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ನಿಮ್ಮ ನಿಯಮಗಳನ್ನೂ ಹಾಗೆ ಬರೆಯಿರಿ. ಲೆಕ್ಕ ತಡವಾದರೆ ಮೊದಲು ಭೇಟಿ, ಆಮೇಲೆ ಲಿಖಿತ ನೋಟಿಸು, ಆಮೇಲೆ ಮುಂದಿನ ಕಂತಿಗೆ ತಡೆ, ಕೊನೆಗೆ ಮಾತ್ರ ಸದಸ್ಯತ್ವ ರದ್ದು. ತಪ್ಪು ಬರಹಕ್ಕೂ ಕಳ್ಳತನಕ್ಕೂ ಇರುವ ವ್ಯತ್ಯಾಸ ಮರೆಯಬೇಡಿ.

ಹಣ ನಿಜಕ್ಕೂ ದುರುಪಯೋಗವಾಗಿದ್ದರೆ ಮುಚ್ಚಿಡಬಾರದು. ದಾನಿಗೆ ನೀವೇ ಮೊದಲು ತಿಳಿಸಿ. ಸಂಘದ ಎಲ್ಲ ಸದಸ್ಯರ ಸಭೆ ಕರೆದು ಪುಸ್ತಕ ತೆರೆದು ಓದಿ. ಒಬ್ಬರ ತಪ್ಪಿಗೆ ಇಡೀ ಊರನ್ನು ಕಪ್ಪುಪಟ್ಟಿಗೆ ಹಾಕುವುದು ಬೇಡ. ಆಗ ನಷ್ಟ ಅನುಭವಿಸುವವರು ಆ ಹಣವನ್ನು ಮುಟ್ಟದವರೇ. ದೂರು ಹೇಳಲು ಕಾರ್ಯಕರ್ತರನ್ನೂ ಅಧ್ಯಕ್ಷರನ್ನೂ ದಾಟಿ ಹೋಗುವ ಒಂದು ಫೋನ್ ಸಂಖ್ಯೆ ಪ್ರತಿ ಊರಿನಲ್ಲೂ ಗೋಡೆಯ ಮೇಲಿರಲಿ. ಮಕ್ಕಳೊಂದಿಗೆ ಕೆಲಸ ಮಾಡುವ ಗುಂಪುಗಳಿದ್ದರೆ ಮಕ್ಕಳ ಸುರಕ್ಷತೆಯ ನಿಯಮ ಮೊದಲ ದಿನದಿಂದಲೇ ಜಾರಿಯಲ್ಲಿರಬೇಕು, ಇಲ್ಲಿ ಹಂತಹಂತದ ಮಾತಿಲ್ಲ.

ಹೆಜ್ಜೆ 10: ವರದಿ, ಫೋಟೊ

ಸಣ್ಣ ಅನುದಾನಕ್ಕೆ ಸಣ್ಣ ವರದಿ. ಅರ್ಜಿಯ ಐದು ಪ್ರಶ್ನೆಗಳಿಗೇ ಈಗ ಉತ್ತರ ಕೇಳಿ: ಏನಾಯಿತು, ಯಾರಿಗೆ ಉಪಯೋಗವಾಯಿತು, ಎಷ್ಟು ಖರ್ಚಾಯಿತು, ನಿಮ್ಮ ಪಾಲು ಏನಾಯಿತು, ಈಗ ನೋಡಿಕೊಳ್ಳುತ್ತಿರುವವರು ಯಾರು. ದಾನಿಗೆ ಬೇಕಾದ ಉದ್ದ ವರದಿಯನ್ನು ಜಾಲ ಬರೆಯಲಿ. ವರ್ಷ ಕಳೆದ ಮೇಲೆ ಹೋಗಿ ನೋಡುವ ಭೇಟಿ ಎಲ್ಲ ವರದಿಗಳಿಗಿಂತ ಮಿಗಿಲು.

ಫೋಟೊ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕೇಳದೆ ತೆಗೆಯಬಾರದು, ಎಲ್ಲಿ ಹಾಕುತ್ತೇವೆಂದು ಹೇಳದೆ ಹಾಕಬಾರದು. ಕೈಯೊಡ್ಡಿ ನಿಂತವರ ಚಿತ್ರ ದಾನಿಗೆ ಬೇಕೆಂದರೂ ಕೊಡಬೇಡಿ. ಅದೇ ಜನ ತಮ್ಮ ಕೆಲಸದಲ್ಲಿ ತೊಡಗಿರುವ ಚಿತ್ರ ಕೊಡಿ.

ಹೆಜ್ಜೆ 11: ಜಾಲಕ್ಕೆ ಹಣ ಎಲ್ಲಿಂದ

ಹಣ ಬರುವ ದಾರಿ ಒಂದೇ ಆದರೆ ಅಪಾಯ. ಸದಸ್ಯ ಸಂಸ್ಥೆಗಳ ವಂತಿಗೆ, ಊರು ಬಿಟ್ಟು ಹೋಗಿ ನೆಲೆ ನಿಂತವರ ಮಾಸಿಕ ದೇಣಿಗೆ, ಸ್ಥಳೀಯ ವರ್ತಕರು, ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ, ದತ್ತಿ ನಿಧಿಗಳು, ಹೀಗೆ ಹಲವು ಕಡೆಯಿಂದ ಬರಲಿ. ಸಣ್ಣ ಮಾಸಿಕ ದೇಣಿಗೆಗಳೇ ಕಷ್ಟಕಾಲದಲ್ಲಿ ಕೈ ಹಿಡಿಯುವುದು. ಅವುಗಳಿಗೆ ಷರತ್ತು ಅಂಟಿರುವುದಿಲ್ಲ.

ಷರತ್ತಿನ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬ್ಯಾಂಕರ್ ಫ್ರೆಡರಿಕ್ ಗಾಫ್ 1914ರಲ್ಲಿ ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನ ಕಟ್ಟಿದರು. ಸತ್ತವರು ಉಯಿಲಿನಲ್ಲಿ ಬರೆದಿಟ್ಟ ಉದ್ದೇಶ ಕಾಲಕಳೆದಂತೆ ಅರ್ಥ ಕಳೆದುಕೊಂಡರೂ ಹಣ ಅದಕ್ಕೇ ಕಟ್ಟಿಹಾಕಿಕೊಂಡಿರುತ್ತದೆ ಎಂಬುದು ಅವರ ಚಿಂತೆಯಾಗಿತ್ತು. ಹಲವರ ದಾನವನ್ನು ಒಂದೇ ನಿಧಿಗೆ ಸೇರಿಸಿ, ಆಯಾ ಕಾಲದ ಅಗತ್ಯ ನೋಡಿ ಸ್ಥಳೀಯ ನಾಗರಿಕರ ಸಮಿತಿ ಖರ್ಚು ತೀರ್ಮಾನಿಸುವಂತೆ ಮಾಡಿದರು. ನಿಮ್ಮ ದಾನಿಗಳಲ್ಲೂ ಇದನ್ನೇ ಕೇಳಿ: ಉದ್ದೇಶ ವಿಶಾಲವಾಗಿರಲಿ, ತೀರ್ಮಾನ ಇಲ್ಲಿನವರಿಗೆ ಬಿಡಿ. ಕೆಲವರು ಒಪ್ಪುವುದಿಲ್ಲ. ಒಪ್ಪದವರ ಹಣ ಪಡೆಯಲು ಹಳ್ಳಿಯವರ ಬೇಡಿಕೆಯನ್ನೇ ತಿರುಚುವ ಹಂತ ಬಂದರೆ ಆ ಹಣ ಬೇಡ ಎನ್ನಿ. ಆರು ತಿಂಗಳ ಖರ್ಚಿಗಾಗುವಷ್ಟು ಮೀಸಲು ನಿಧಿ ಇದ್ದರೆ ಹೀಗೆನ್ನುವ ಧೈರ್ಯ ಬರುತ್ತದೆ.

ಹೆಜ್ಜೆ 12: ಹಿಂದೆ ಸರಿಯುವುದು

ಜರ್ಮನಿಯ ಹಳ್ಳಿಯೊಂದರ ಮೇಯರ್ ಆಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ 1846–47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಸಿಗುವಂತೆ ಮಾಡಿದ್ದರು. ಉಳ್ಳವರ ಔದಾರ್ಯವನ್ನೇ ನಂಬಿಕೊಂಡು ಕೂತರೆ ಬಹಳ ದಿನ ನಡೆಯದು ಎಂಬ ಅರಿವು ಅವರಿಗೆ ಬರಬರುತ್ತ ಆಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ಕಟ್ಟಿದ ಸಾಲದ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು, ಅವರೇ ಹೊಣೆಗಾರರು. ಆ ಮಾದರಿ ದೇಶದೇಶ ಸುತ್ತಿತು. ಭಾರತದಲ್ಲಿ 1904ರ ಸಹಕಾರ ಕಾಯ್ದೆಯ ಹಿಂದೆಯೂ ಅದೇ ಇತ್ತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ದಾನದಿಂದ ಸ್ವಂತ ಕಾಲಿನ ಕಡೆಗೆ ನಡೆಯುವ ಈ ದಾರಿಯನ್ನು ಮೊದಲ ದಿನದ ಒಡಂಬಡಿಕೆಯಲ್ಲೇ ಬರೆದಿಡಿ.

ಹಿಂದೆ ಸರಿಯುವುದೆಂದರೆ ಒಮ್ಮೆಗೇ ಕೈಬಿಡುವುದಲ್ಲ. ಒಂದು ವರ್ಷ ಸಂಘ ತನ್ನ ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ಮುಗಿಸಿದರೆ ತಿಂಗಳ ಭೇಟಿಯನ್ನು ಮೂರು ತಿಂಗಳಿಗೊಮ್ಮೆ ಮಾಡಿ. ಪದಾಧಿಕಾರಿಗಳು ಒಮ್ಮೆಯಾದರೂ ಶಾಂತವಾಗಿ ಬದಲಾಗಿದ್ದರೆ ಇನ್ನಷ್ಟು ದೂರ ನಿಲ್ಲಿ. ಅಕ್ಕಪಕ್ಕದ ಸಂಘಗಳು ತಮ್ಮದೇ ಒಕ್ಕೂಟ ಮಾಡಿಕೊಳ್ಳಲು ಬಯಸಿದರೆ ನೆರವಾಗಿ, ಬಯಸದಿದ್ದರೆ ಒತ್ತಾಯಿಸಬೇಡಿ. ಸಾಮೂಹಿಕ ವಿಮೆ, ಕಾನೂನು ಸಲಹೆ, ವಾರ್ಷಿಕ ಆಡಿಟ್ ಇವು ಮಾತ್ರ ಬಹುಕಾಲ ಜಾಲದ ಕಡೆಯಿಂದಲೇ ಮುಂದುವರಿಯಬೇಕಾಗಬಹುದು. ಅದರಲ್ಲಿ ತಪ್ಪೇನೂ ಇಲ್ಲ, ಆ ಭಾರ ಹೊರಲೆಂದೇ ಜಾಲ ಇರುವುದು.

ಕೊನೆಯ ಭೇಟಿಯಲ್ಲಿ ಮಾಡಬೇಕಾದ್ದು ಇಷ್ಟು. ಬ್ಯಾಂಕ್ ಖಾತೆಯಲ್ಲಿ ಜಾಲದ ಯಾರ ಸಹಿಯಾದರೂ ಇದ್ದರೆ ತೆಗೆಸಿ. ಲೆಡ್ಜರಿನಲ್ಲಿ ಉಳಿದ ಹಣವನ್ನು ಠರಾವು ಬರೆಸಿ ಸಂಘದ ಖಾತೆಗೆ ಹಾಕಿ. ಬೈಲಾ, ನಡಾವಳಿ ಪುಸ್ತಕ, ಜಾಗದ ಪತ್ರಗಳ ಮೂಲಪ್ರತಿಗಳು ನಿಮ್ಮ ಕಚೇರಿಯ ಬೀರುವಿನಲ್ಲಿದ್ದರೆ, ಪಟ್ಟಿ ಮಾಡಿ, ಎಲ್ಲ ಸದಸ್ಯರ ಎದುರಿಗೆ ಓದಿ, ಸಂಘದ ಕೈಗೆ ಒಪ್ಪಿಸಿ ಸಹಿ ಪಡೆಯಿರಿ.